ಟ್ಯಾನರ್ಸ್ ಬೆಂಡ್‌ನ ಸಹಿಗಳು

ಮಾರ್ಲಿಸ್ ಹೊಕನ್‌ಸನ್ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತ ವರ್ಷ ನಮ್ಮ ರಾಜ್ಯದಲ್ಲಿ ಲಿಬರ್ಟೇರಿಯನ್ ಪಕ್ಷಕ್ಕೆ ನಾನು ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥನೆಂದರೆ ಕಚೇರಿ, ಕಾರು, ಹಿಂಬಾಲಕರು ಎಂದೆಲ್ಲ ಯಾರೂ ಭಾವಿಸಬಾರದು. ನನ್ನ ವಿಮೆ ಅಂಗಡಿಯ ಹಿಂದಿನ ಕೋಣೆಯೇ ಪಕ್ಷದ ಕಚೇರಿ. ಜನರ ಮನೆಗೆ, ಟ್ರ್ಯಾಕ್ಟರಿಗೆ, ದೋಣಿಗೆ ವಿಮೆ ಮಾಡಿಸುವುದು ನನ್ನ ಕಸುಬು. ಉಳಿದ ಹೊತ್ತಿನಲ್ಲಿ, ಸರ್ಕಾರ ಆದಷ್ಟು ಚಿಕ್ಕದಾಗಿರಬೇಕು, ಇನ್ನೊಬ್ಬರಿಗೆ ಕೇಡು ಮಾಡದ ಮನುಷ್ಯನನ್ನು ಅವನ ಪಾಡಿಗೆ ಬಿಟ್ಟುಬಿಡಬೇಕು ಎಂದು ಕೇಳುವವರಿಗೂ ಕೇಳದವರಿಗೂ ಹೇಳುತ್ತಿದ್ದೆ. ನನ್ನ ಹೆಂಡತಿ ವರ್ನಾ ಮಾತ್ರ, ಮನೆಯೊಳಗೆ ಆ ಕಾನೂನು ನಡೆಯುವುದಿಲ್ಲ ಎಂದು ಮೊದಲೇ ತಿಳಿಸಿಬಿಟ್ಟಿದ್ದಳು.

ಮಾರ್ಲಿಸ್ ದಕ್ಷಿಣ ಡಕೋಟದ ಪಶುವೈದ್ಯೆ. ಅರವತ್ತರ ಹತ್ತಿರದ ವಯಸ್ಸು, ಅಗಲವಾದ ಭುಜ, ಹಸುವಿನ ಹೊಟ್ಟೆಯೊಳಗೆ ಅಡ್ಡ ತಿರುಗಿದ ಕರುವನ್ನು ಹಿಡಿದೆಳೆದು ಗಟ್ಟಿಯಾದ ಕೈ. ತನ್ನ ರಾಜ್ಯದ ಶಾಸನಸಭೆಯಲ್ಲಿ ಎಂಟು ವರ್ಷ ದೊಡ್ಡ ಪಕ್ಷವೊಂದರ ಪರವಾಗಿ ಕೂತಿದ್ದವಳು, ಒಂದು ದಿನ ಎದ್ದು ನಮ್ಮ ಕಡೆ ಬಂದಳು. ಕಾರಣ ಕೇಳಿದವರಿಗೆ, ಅಲ್ಲಿ ಬೆಳಿಗ್ಗೆ ಒಂದು ಮಾತು ಸಂಜೆ ಒಂದು ಮಾತು ಆಡಬೇಕಾಗಿತ್ತು, ತನಗೆ ಅಷ್ಟೊಂದು ಜ್ಞಾಪಕಶಕ್ತಿ ಇಲ್ಲ ಎನ್ನುತ್ತಿದ್ದಳು.

ನಮ್ಮ ಪಕ್ಷದ ಮಹಾಸಭೆಯಲ್ಲಿ ಉಮೇದುವಾರಿಕೆ ಗೆಲ್ಲುವುದು ಸುಲಭವಲ್ಲ. ಸರ್ಕಾರ ಬೇಡ ಎನ್ನುವುದರಲ್ಲಿ ನಾವೆಲ್ಲ ಒಂದು. ಎಷ್ಟು ಬೇಡ ಎನ್ನುವಲ್ಲಿ ಜಗಳ ಶುರು. ಆ ವರ್ಷವೂ ಮೂರು ದಿನ ಕೂಗಾಡಿದೆವು. ಕೊನೆಯ ದಿನ ಮೂರು ಮೂಲೆಯ ಹಳೇಕಾಲದ ಟೋಪಿ ಹಾಕಿಕೊಂಡಿದ್ದ ಪ್ರತಿನಿಧಿಯೊಬ್ಬ ಎದ್ದು, ರಸ್ತೆಯ ಸಿಗ್ನಲ್ ದೀಪಗಳೂ ಸರ್ಕಾರದ ದಬ್ಬಾಳಿಕೆಯೇ, ಅವನ್ನು ತೆಗೆಸುತ್ತೀರಾ ಎಂದು ಮಾರ್ಲಿಸಳನ್ನು ಸವಾಲಿನ ದನಿಯಲ್ಲಿ ಕೇಳಿದ.

"ನೀವು ಗಾಡಿ ಓಡ್ಸಲ್ಲ ಅಂತ ಮಾತು ಕೊಟ್ರೆ ಯೋಚ್ನೆ ಮಾಡ್ತೀನಿ" ಎಂದಳು ಮಾರ್ಲಿಸ್.

ಅರ್ಧ ಸಭೆ ನಕ್ಕಿತು, ಅರ್ಧ ಸಭೆ ಛೀಮಾರಿ ಹಾಕಿತು. ನಕ್ಕವರು ಸ್ವಲ್ಪ ಹೆಚ್ಚಿದ್ದರು. ಮೂರನೇ ಸುತ್ತಿನ ಮತದಾನದಲ್ಲಿ ಅವಳು ಗೆದ್ದಳು.

ಆದರೆ ಪಕ್ಷ ಆರಿಸಿದ ಮಾತ್ರಕ್ಕೆ ಹೆಸರು ಮತಪತ್ರದ ಮೇಲೆ ಬರುವುದಿಲ್ಲ. ದೊಡ್ಡ ಪಕ್ಷಗಳೆರಡರ ಹೆಸರುಗಳು ತಾವಾಗಿಯೇ ಅಚ್ಚಾಗುತ್ತವೆ. ನಮ್ಮಂಥವರು ಪ್ರತಿ ರಾಜ್ಯದಲ್ಲೂ ಆ ರಾಜ್ಯದ ಕಾನೂನಿನ ಪ್ರಕಾರ ಮತದಾರರ ಸಹಿ ಸಂಗ್ರಹಿಸಿ ಒಪ್ಪಿಸಬೇಕು. ಸಹಿ ಹಾಕಿದವರು ನಮಗೆ ಮತ ಹಾಕಬೇಕೆಂದಿಲ್ಲ, ಹೆಸರು ಅಚ್ಚಾಗಲಿ ಎಂದು ಒಪ್ಪಿದರೆ ಸಾಕು. ಅದನ್ನು ಜನಕ್ಕೆ ತಿಳಿಹೇಳುವಷ್ಟರಲ್ಲಿ ಗಂಟಲು ಒಣಗುತ್ತದೆ. ಆ ಬೇಸಿಗೆಯಿಡೀ ನಾನು ಜಾತ್ರೆ ಮೈದಾನಗಳಲ್ಲಿ, ಬಂದೂಕಿನ ಪ್ರದರ್ಶನಗಳಲ್ಲಿ, ಬೇಸ್‌ಬಾಲ್ ಆಟದ ಬಾಗಿಲಲ್ಲಿ ಸಹಿಹಾಳೆ ಸಿಕ್ಕಿಸಿದ ಹಲಗೆ ಹಿಡಿದು ನಿಂತೆ. ಬೇಕಾದದ್ದಕ್ಕಿಂತ ಹೆಚ್ಚೇ ಸಹಿ ಒಪ್ಪಿಸಿ ನಿರಾಳವಾಗಿ ಮನೆಗೆ ಬಂದೆ.

ಆಗಸ್ಟ್ ತಿಂಗಳಲ್ಲಿ ಗ್ರೇಡನ್ ಪೆಲ್ ಎಂಬ ವಕೀಲ ರಾಜಧಾನಿಯಿಂದ ಬಂದಿಳಿದ. ದೊಡ್ಡ ಪಕ್ಷಗಳ ಪೈಕಿ ಒಂದರ ಕೆಲಸವನ್ನು ಅವನು ನೋಡಿಕೊಳ್ಳುತ್ತಿದ್ದ. ನಮ್ಮ ರಾಜ್ಯದಲ್ಲಿ ಆ ವರ್ಷ ಎರಡೂ ಕಡೆ ಸಮಸಮ, ಕೂದಲೆಳೆಯ ಅಂತರ. ಮಾರ್ಲಿಸ್ ಹೆಸರು ಅಚ್ಚಾದರೆ ಆ ಪಕ್ಷದ ಅಭ್ಯರ್ಥಿಯಾದ ತನ್ನ ಯಜಮಾನನ ಮತ ಒಡೆಯುತ್ತದೆ ಎಂಬುದು ಪೆಲ್‌ನ ಲೆಕ್ಕಾಚಾರ. ಅವನು ನಮ್ಮ ಸಹಿಗಳನ್ನು ಒಂದೊಂದಾಗಿ ಕೆದಕಿ ಆಕ್ಷೇಪ ಎತ್ತಿದ. ಚುಟುಕಾಗಿ ಬಿಲ್ ಎಂದು ಬರೆದವನ ಹೆಸರು ಮತದಾರರ ಪಟ್ಟಿಯಲ್ಲಿ ವಿಲಿಯಂ ಎಂದಿತ್ತು. ತಗೊಳ್ಳಿ, ಅದು ಹೋಯಿತು. ಮನೆ ಬದಲಾಯಿಸಿದವರು ಹೋದರು. ಕೈಬರಹ ಹೋಲುತ್ತಿಲ್ಲ ಎಂದು ಕೆಲವು ಮುದುಕರು ಹೋದರು. ಪ್ರತಿ ವಿಭಾಗದಿಂದಲೂ ಇಂತಿಷ್ಟು ಸಹಿ ಬರಬೇಕೆಂಬ ನಿಯಮವಿತ್ತು. ಚುನಾವಣಾ ಮಂಡಳಿ ಎಲ್ಲವನ್ನೂ ಕೇಳಿ, ದಕ್ಷಿಣದ ನಮ್ಮ ವಿಭಾಗದಲ್ಲಿ ಸಹಿ ಸಾಲದು, ಹದಿನೈದು ದಿನದೊಳಗೆ ಹೊಸ ಸಹಿ ತಂದು ತುಂಬಿಸಿ ಎಂದಿತು.

ನಾಚಿಕೆಯಿಂದ ಮಾರ್ಲಿಸಳಿಗೆ ಫೋನು ಮಾಡಿದೆ. ಅವಳು ವಿಮಾನ ನಿಲ್ದಾಣದಲ್ಲಿದ್ದಳು. ನ್ಯೂಯಾರ್ಕಿನ ದೊಡ್ಡ ಟಿವಿ ವಾಹಿನಿಯೊಂದು ಅಂತೂ ಇಂತೂ ಅವಳನ್ನು ಸಂದರ್ಶನಕ್ಕೆ ಕರೆದಿತ್ತು. ಯಾವ ಊರಿನಲ್ಲಿ ಸಹಿ ಸಿಗಬಹುದು ಎಂದು ಕೇಳಿದಳು. ಆ ವಿಭಾಗದಲ್ಲಿ ಜನ ಒತ್ತಾಗಿರುವುದು ಟ್ಯಾನರ್ಸ್ ಬೆಂಡ್ ಒಂದರಲ್ಲಿ, ಆದರೆ ಅದು ಆಗುವ ಮಾತಲ್ಲ ಎಂದೆ. ಯಾಕೆಂದು ಕೇಳಿದಳು. ಆ ಊರು ಬದುಕಿರುವುದೇ ಕೇಂದ್ರ ಸರ್ಕಾರದ ಜೈಲಿನಿಂದ ಎಂದೆ.

ಊರಿನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, "ನಾನೇ ಬರ್ತೀನಿ" ಎಂದಳು.

ಅವಳ ಸಲಹೆಗಾರರು ತಲೆ ತಲೆ ಚಚ್ಚಿಕೊಂಡರಂತೆ. ಟಿವಿಯವರು ಕೇಳುವುದು ಒಂದೇ ಪ್ರಶ್ನೆ, ಯಾರ ಮತ ಕೆಡಿಸುತ್ತಿದ್ದೀರಿ ಎಂದು. ಅದನ್ನು ಕೇಳಿಸಿಕೊಳ್ಳಲು ನ್ಯೂಯಾರ್ಕಿನವರೆಗೆ ಹೋಗಬೇಕೇ ಎಂದು ಅವಳು ಟಿಕೆಟ್ ಬದಲಾಯಿಸಿಕೊಂಡಳು.

ಟ್ಯಾನರ್ಸ್ ಬೆಂಡ್ ನಾನು ಹುಟ್ಟಿ ಬೆಳೆದು ಈಗಲೂ ಇರುವ ಊರು. ಓಹಿಯೋ ನದಿ ಅಲ್ಲಿ ಮೊಣಕೈಯಂತೆ ಮಡಚಿಕೊಳ್ಳುತ್ತದೆ. ನನ್ನ ಬಾಲ್ಯದಲ್ಲಿ ಬೂಟಿನ ಕಾರ್ಖಾನೆ ಇತ್ತು, ಅದು ಮುಚ್ಚಿತು. ಗುಡ್ಡದ ಮೇಲೆ ಜೈಲು ಬಂದ ಮೇಲೆ ಬೀದಿಯ ಅಂಗಡಿಗಳಿಗೆ ಮತ್ತೆ ಬಣ್ಣ ಬಂತು. ಯಾವ ಮನೆಗೆ ಹೋದರೂ ಒಬ್ಬರಾದರೂ ಜೈಲಿನ ಕಾವಲಿಗೋ ಅಡುಗೆಗೋ ಹೋಗುವವರೇ. ಮಾರ್ಲಿಸಳ ಪ್ರಣಾಳಿಕೆಯ ಮೊದಲ ಮಾತು ಏನೆಂದರೆ, ಯಾರಿಗೂ ಕೈಯೆತ್ತದೆ ಬರೀ ಮಾದಕ ವಸ್ತುವಿನ ಕೇಸಿನಲ್ಲಿ ಒಳಗಿರುವವರನ್ನು ಬಿಟ್ಟುಬಿಡುವುದು, ಹಾಗೆ ಖಾಲಿಯಾದ ಜೈಲುಗಳನ್ನು ಮುಚ್ಚುವುದು. ಗುಡ್ಡದ ಮೇಲಿದ್ದವರಲ್ಲಿ ಹೆಚ್ಚಿನವರು ಅಂಥವರೇ.

ವಿಮಾನ ನಿಲ್ದಾಣದಿಂದ ಕರೆತರುವಾಗ ದಾರಿಯುದ್ದಕ್ಕೂ ಅವಳಿಗೆ ಉಪದೇಶ ಮಾಡಿದೆ. ಸಹಿ ಮಾತ್ರ ಕೇಳೋಣ, ಮತಪತ್ರದಲ್ಲಿ ಇನ್ನೊಂದು ಹೆಸರಿದ್ದರೆ ಒಳ್ಳೆಯದಲ್ಲವೇ ಎನ್ನೋಣ, ಜೈಲಿನ ಸುದ್ದಿ ಎತ್ತುವುದೇ ಬೇಡ ಎಂದೆ.

"ಕೇಳಿದ್ರೆ ಹೇಳ್ತೀನಿ" ಎಂದಳು.

"ಕೇಳದೇ ಇದ್ರೆ, ಡಾಕ್ಟ್ರೇ?"

"ನಾನೇ ಹೇಳ್ತೀನಿ. ಗೊತ್ತಿಲ್ದೆ ಸಹಿ ಹಾಕಿ ಆಮೇಲೆ ಗೊತ್ತಾದ್ರೆ ನನ್ನನ್ನ ಬಯ್ಯಲ್ಲ ಅವ್ರು, ನಾನು ದೂರ ಇರ್ತೀನಿ. ನಿನ್ನನ್ನ ಬಯ್ತಾರೆ ಒರಿನ್. ನೀನು ಇದೇ ಜನದ ಮಧ್ಯೆ ಬದುಕ್ಬೇಕಾದವನು."

ಮೊದಲ ದಿನ ಬೆಳಿಗ್ಗೆ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತೆವು. ಹತ್ತು ನಿಮಿಷಕ್ಕೆ ಮ್ಯಾನೇಜರ್ ಹೊರಗೆ ಬಂದು, ಇದು ನಮ್ಮ ಜಾಗ, ಇಲ್ಲಿ ರಾಜಕೀಯ ಬೇಡ ಎಂದ. ನಾನು ವಾದಕ್ಕೆ ಸಿದ್ಧನಾದೆ. ಮಾರ್ಲಿಸ್ ನನ್ನ ತೋಳು ಹಿಡಿದು, ಅವರ ಜಾಗ ಅವರ ಮಾತು, ಇದನ್ನೇ ಅಲ್ಲವೇ ನಾವು ಊರೂರಿಗೆ ಹೇಳಿಕೊಂಡು ಬರುತ್ತಿರುವುದು ಎಂದು ಮ್ಯಾನೇಜರಿಗೆ ನಮಸ್ಕಾರ ಹೇಳಿ ನಡೆದಳು. ಕೊನೆಗೆ ಅಂಚೆ ಕಚೇರಿಯ ಮುಂದಿನ ರಸ್ತೆಬದಿಯಲ್ಲಿ ಮರದ ನೆರಳು ನೋಡಿ ನಿಂತೆವು. ಸರ್ಕಾರದ ಅಂಚೆಯೇ ಬೇಡ ಎನ್ನುವವರು ಅದರ ನೆರಳಿಗೇ ಬಂದು ನಿಂತಿದ್ದೀರಲ್ಲ ಎಂದು ಮುದುಕಿಯೊಬ್ಬಳು ಹಂಗಿಸಿದಳು. ಕಟ್ಟಡ ಮಾರಿದರೂ ಮರ ಉಳಿಸಿಕೊಳ್ಳುತ್ತೇವೆ ಎಂದು ಮಾರ್ಲಿಸ್ ಉತ್ತರಿಸಿದಳು. ಮುದುಕಿ ನಕ್ಕಳು, ಸಹಿ ಮಾತ್ರ ಹಾಕಲಿಲ್ಲ.

ಎರಡು ದಿನ ಹೀಗೇ ಕಳೆಯಿತು. ಮಾರ್ಲಿಸ್ ಪ್ರತಿಯೊಬ್ಬರಿಗೂ ಕೈಕುಲುಕಿ, ಹೆಸರು ಹೇಳಿ, ತಾನು ಗೆದ್ದರೆ ಗುಡ್ಡದ ಮೇಲಿನ ಜೈಲು ಮುಚ್ಚಬಹುದು ಎಂದು ಮೊದಲೇ ತಿಳಿಸುತ್ತಿದ್ದಳು. ಕೆಲವರು ಹಾಗೆಯೇ ಹೊರಟುಹೋಗುತ್ತಿದ್ದರು, ಕೆಲವರು ನಿಂತು ಬಯ್ದು ಹೋಗುತ್ತಿದ್ದರು. ನಮ್ಮ ಹಲಗೆಯ ಮೇಲಿನ ಹಾಳೆ ಹೆಚ್ಚುಕಡಿಮೆ ಬೆಳ್ಳಗೇ ಉಳಿಯಿತು.

ಮೂರನೇ ದಿನ ಮಧ್ಯಾಹ್ನ ನಾವು ನೇಡೀನ್ ಎಂಬಾಕೆಯ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಗ್ರೇಡನ್ ಪೆಲ್ ಒಳಗೆ ಬಂದ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಮೃದು ಮಾತು. ಕೂರಬಹುದೇ ಎಂದು ಕೇಳಿ, ನಾವು ಒಪ್ಪಿದ ಮೇಲೆಯೇ ಕೂತ. ಪೀಚ್ ಹಣ್ಣು ತುಂಬಿಸಿ ಬೇಯಿಸಿದ ಪೈ ತರಿಸಿಕೊಂಡ. ತನಗೆ ಮಾರ್ಲಿಸ್ ಮೇಲೆ ಗೌರವವಿದೆ, ಬೇರೆ ಎಲ್ಲ ಕಡೆಯೂ ಅವಳು ಸ್ಪರ್ಧಿಸಲಿ, ಈ ಒಂದು ರಾಜ್ಯದಿಂದ ಮಾತ್ರ ಹಿಂದೆ ಸರಿಯಲಿ ಎಂದ. ಅದಕ್ಕೆ ಪ್ರತಿಯಾಗಿ ಏನು ಎಂದು ನಾನು ಒರಟಾಗಿ ಕೇಳಿದೆ. ಯಾವುದೋ ಪದವಿ, ಸಮಿತಿ ಎನ್ನುತ್ತಾನೆಂದುಕೊಂಡಿದ್ದೆ.

ಪೆಲ್ ನನ್ನತ್ತ ನೋಡಲೂ ಇಲ್ಲ. ಮಾರ್ಲಿಸಳಿಗೆ ಹೇಳಿದ: "ನೀವು ಯಾರ ಪರವಾಗಿ ಹೋರಾಡ್ತಿದೀರೋ, ಮಾದಕ ವಸ್ತು ಕೇಸಲ್ಲಿ ಒಳಗಿರೋ ಜನ, ಅವ್ರಿಗೆ ನಮ್ಮ ಯಜಮಾನ್ರು ಕ್ಷಮಾದಾನ ಕೊಡ್ತಾರೆ. ಗೆದ್ದ ಮೊದಲ ನೂರು ದಿನದಲ್ಲಿ. ಸಾವಿರಾರು ಜನ ಮನೆಗೆ ಹೋಗ್ತಾರೆ. ಗೆದ್ರೆ ತಾನೇ ಮೇಡಂ ಏನಾದ್ರೂ ಮಾಡೋಕಾಗೋದು? ನೀವು ಗೆಲ್ಲಲ್ಲ, ಅದು ನಿಮಗೂ ಗೊತ್ತು."

ಅದು ಮಾರ್ಲಿಸಳಿಗೆ ನೇರ ತಾಗುವ ಮಾತು. ಅವಳ ಊರಿನಲ್ಲಿ ನೆರೆಯ ಜಾನುವಾರು ಫಾರ್ಮಿನ ಹುಡುಗಿ ಕೊರಿನ್, ಚಿಕ್ಕವಳಿದ್ದಾಗಿನಿಂದ ಅವಳ ಜೊತೆ ಹಸುಗಳ ಚಿಕಿತ್ಸೆಗೆ ಓಡಾಡಿಕೊಂಡಿದ್ದವಳು, ಪ್ರಿಯಕರನ ಮಾದಕ ವಸ್ತುವಿನ ಪೊಟ್ಟಣವೊಂದನ್ನು ಕಾರಿನಲ್ಲಿ ಸಾಗಿಸಿದ ತಪ್ಪಿಗೆ ಹದಿನೈದು ವರ್ಷದ ಶಿಕ್ಷೆಯಾಗಿ ಇಂಥದೇ ಒಂದು ಜೈಲಿನಲ್ಲಿದ್ದಳು. ಮಾರ್ಲಿಸ್ ಹಳೆಯ ಪಕ್ಷ ಬಿಟ್ಟದ್ದೂ ಅಂಥ ಶಿಕ್ಷೆಯ ಕಾನೂನಿನ ಮೇಲಿನ ಜಗಳದಲ್ಲೇ. ಪೆಲ್‌ಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ ನಾನರಿಯೆ.

ಮಾರ್ಲಿಸ್ ಚಮಚ ಕೆಳಗಿಟ್ಟು, "ನಿಮ್ಮ ಯಜಮಾನ್ರದು ನಾಳೆ ಪಿಟ್ಸ್‌ಬರ್ಗಲ್ಲಿ ಭಾಷಣ ಇದೆಯಲ್ಲ?" ಎಂದಳು.

ಇದೆ ಎಂದ ಪೆಲ್.

"ಈಗ ನಂಗೆ ಹೇಳಿದ್ದನ್ನ ಅಲ್ಲಿ ಮೈಕಲ್ಲಿ ಹೇಳ್ಲಿ. ಹೇಳಿದ ಕೂಡ್ಲೆ ಒಂದು ರಾಜ್ಯ ಏನು, ಐವತ್ತೂ ಬಿಟ್ಟು ಮನೆಗೆ ಹೋಗ್ತೀನಿ."

ಪೆಲ್ ಮುಗುಳ್ನಕ್ಕ. ಹಾಗೆ ಬಹಿರಂಗವಾಗಿ ಹೇಳಿದರೆ ಸೋಲುತ್ತಾರೆ, ಅಷ್ಟು ನಿಮಗೆ ತಿಳಿಯದೇ ಎಂದ.

"ಸೋಲ್ತೀನಿ ಅಂತ ಹೆದರಿ ಈಗ ಹೇಳದೇ ಇರೋರು, ಗೆದ್ದ ಮೇಲೆ ಮುಂದಿನ ಸಲ ಸೋಲ್ತೀನಿ ಅಂತ ಹೆದರ್ತಾರೆ. ಪೈ ಚೆನ್ನಾಗಿರತ್ತೆ ಇಲ್ಲಿ, ಬಿಸಿ ಆರೋಕೆ ಮುಂಚೆ ತಿನ್ನಿ."

ಅವನು ಪೈ ಮುಟ್ಟದೆ ಎದ್ದುಹೋದ. ಕಾರು ಹತ್ತಿ ಮಾರ್ಲಿಸ್ ಸೀಟಿನ ಪಟ್ಟಿ ಬಿಗಿದುಕೊಂಡಳು. ಆಮೇಲೆ, ಅವನು ಹೇಳಿದ್ದು ನಿಜವಾಗಿದ್ದರೆ ನಾನು ಕೊರಿನ್‌ಳನ್ನು ಇನ್ನಷ್ಟು ವರ್ಷ ಒಳಗಿಟ್ಟ ಹಾಗಾಯಿತು ಅಲ್ಲವೇ ಎಂದು ಕೇಳಿದಳು. ನಾನು ಕಾರು ಚಾಲೂ ಮಾಡಿ ರಸ್ತೆಗೆ ತಿರುಗಿಸಿದೆ. ಅವಳೇ ಕಿಟಕಿ ಇಳಿಸಿ, ನದಿಯ ಗಾಳಿ ಒಳಗೆ ಬಿಟ್ಟುಕೊಂಡು, ಸರಿ, ಕೆಲಸ ನೋಡೋಣ ಎಂದಳು.

ಅವತ್ತೇ ಸಂಜೆ ನಾಲ್ಕರ ಪಾಳಿ ಬಿಟ್ಟಾಗ ಹೋಬರ್ಟ್ ಸ್ಟಿಡಮ್ ಅಂಚೆ ಕಚೇರಿಯ ಮುಂದೆ ತನ್ನ ಗಾಡಿ ನಿಲ್ಲಿಸಿದ. ಜೈಲಿನ ಕಾವಲುಗಾರರ ಸಂಘಕ್ಕೆ ಅವನೇ ಮುಖಂಡ. ಶಾಲೆಯಲ್ಲಿ ನನಗಿಂತ ಒಂದು ತರಗತಿ ಮುಂದಿದ್ದ. ಆಳು ಬಾಗಿಲಷ್ಟು ಅಗಲ.

"ಏನಯ್ಯಾ ಟಟಲ್, ನಮ್ಮನೆ ಒಲೆ ಆರ್ಸೋಕೆ ಜನ ಕರ್ಕೊಂಡು ಬಂದಿದೀಯಂತೆ" ಎಂದ ನನಗೆ, ಶಾಲೆಯ ದಿನಗಳಂತೆ ಮನೆತನದ ಹೆಸರು ಹಿಡಿದು. ಆಮೇಲೆ ಮಾರ್ಲಿಸ್ ಕಡೆ ತಿರುಗಿ, "ಡಾಕ್ಟ್ರಮ್ಮ, ಬೀದೀಲಿ ನಿಂತು ಒಬ್ಬೊಬ್ಬರಿಗೆ ಯಾಕೆ ಹೇಳ್ತೀರಿ? ಶುಕ್ರವಾರ ಸಂಘದೋರೆಲ್ಲ ಮೀನೂಟಕ್ಕೆ ಸೇರ್ತೀವಿ. ಬನ್ನಿ, ಎಲ್ಲರ ಮುಖ ನೋಡ್ಕೊಂಡು ಹೇಳಿ. ಮೀನು ಕೊಡ್ತೀವಿ. ಸಹಿ ಸಿಗತ್ತೆ ಅಂತ ಮಾತ್ರ ಅಂದ್ಕೋಬೇಡಿ" ಎಂದ.

ಬರುತ್ತೇನೆ ಎಂದಳು ಮಾರ್ಲಿಸ್. ನಾನು ಆ ರಾತ್ರಿ ವರ್ನಾಳಿಗೆ, ಶುಕ್ರವಾರದ ಮೇಲೆ ಈ ಊರಿನಲ್ಲಿ ನನ್ನಿಂದ ವಿಮೆ ಕೊಳ್ಳುವವರು ಯಾರೂ ಇರುವುದಿಲ್ಲ ಎಂದೆ.

ಮೀನೂಟ ಮಾಜಿ ಸೈನಿಕರ ಸಭಾಂಗಣದಲ್ಲಿ. ಬಾಗಿಲ ಹೊರಗೆ ದೊಡ್ಡ ಬಾಣಲೆಯಲ್ಲಿ ಬೆಕ್ಕುಮೀನು ಕರಿಯುತ್ತಿದ್ದರು. ಒಳಗೆ ಉದ್ದನೆಯ ಮೇಜುಗಳ ತುಂಬ ಕಾವಲುಗಾರರು, ಅವರ ಗಂಡಂದಿರು, ಹೆಂಡತಿಯರು, ಮಕ್ಕಳು. ಮಾರ್ಲಿಸ್ ಸಾಲಿನಲ್ಲಿ ನಿಂತು ಮೀನು, ಎಲೆಕೋಸಿನ ಪಲ್ಯ, ಜೋಳದ ಹಿಟ್ಟಿನ ಕರಿದ ಉಂಡೆ ಹಾಕಿಸಿಕೊಂಡು, ಎಲ್ಲರ ಮಧ್ಯೆ ಕೂತು ಪೂರ್ತಿ ತಿಂದಳು. ನಾನು ನನ್ನ ಪಾಲನ್ನು ಪಕ್ಕದ ಮೇಜಿನ ಹುಡುಗನಿಗೆ ದಾಟಿಸಿದೆ.

ಹೋಬರ್ಟ್ ಕರೆದ ಮೇಲೆ ಎದ್ದು ನಿಂತಳು. ಮೈಕು ಬೇಡವೆಂದಳು. ತಾನು ಯಾರು, ಏನು ಕೆಲಸ ಮಾಡುತ್ತೇನೆ ಎಂದು ಹೇಳಿ, ಕೊರಿನ್‌ಳ ಕಥೆ ಹೇಳಿದಳು. ಅಂಥವರನ್ನು ಮನೆಗೆ ಕಳಿಸಿದರೆ ಗುಡ್ಡದ ಮೇಲಿನ ಕಟ್ಟಡದ ಅಗತ್ಯ ಇರುವುದಿಲ್ಲ, ಅದನ್ನು ಮುಚ್ಚುತ್ತೇನೆ ಎಂದು ಒಂದೇ ಉಸಿರಿನಲ್ಲಿ, ದನಿ ಏರಿಸದೆ, ಇಳಿಸದೆ ಹೇಳಿದಳು.

ಹಿಂದಿನ ಮೇಜಿನಿಂದ ಒಬ್ಬ ಹೆಂಗಸು ಎದ್ದಳು. ಜೈಲಿನ ಅಡುಗೆಮನೆ ನೋಡಿಕೊಳ್ಳುವ ಆರ್ಡಿತ್. "ಹಂಗಾದ್ರೆ ನಾನು ಎಲ್ಲಿಗೆ ಹೋಗ್ಲಿ? ನನ್ನ ಮಗಳು ಈಗಿನ್ನ ಕಾಲೇಜಿಗೆ ಸೇರಿದಾಳೆ. ಈ ಊರಲ್ಲಿ ಇನ್ನೇನಿದೆ ನಂಗೆ?"

ಹೊಸ ಕಾರ್ಖಾನೆ ಬರುತ್ತದೆ, ತರಬೇತಿ ಕೊಡಿಸುತ್ತೇವೆ ಎಂದು ಬೇರೆ ಯಾವ ರಾಜಕಾರಣಿಯಾದರೂ ಹೇಳುತ್ತಿದ್ದ. ಅದಾದರೂ ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ನಿಮಗೆ ಕೊಡೋಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ" ಎಂದಳು ಮಾರ್ಲಿಸ್. "ಇದೆ ಅಂದ್ರೆ ಅದು ಸುಳ್ಳು. ನಿಮಗೆ ಕಷ್ಟ ಆಗತ್ತೆ. ಆದ್ರೆ ನಿಮ್ಮ ಮಗಳ ಕಾಲೇಜಿಗೋಸ್ಕರ ಇನ್ನೊಬ್ಬರ ಮಗಳನ್ನ ಬೀಗ ಹಾಕಿ ಇಡೋದು ನಂಗೆ ಸರಿ ಕಾಣಲ್ಲ. ಅದು ನಿಮಗೂ ಸರಿ ಕಾಣಲ್ಲ ಅನ್ಸತ್ತೆ."

ಯಾರೋ ಕುರ್ಚಿ ಹಿಂದಕ್ಕೆ ದೂಡಿ ಎದ್ದು ಹೊರಗೆ ಹೋದರು. ಇನ್ನೂ ಇಬ್ಬರು ಅವರ ಹಿಂದೆಯೇ ಹೋದರು. ಆರ್ಡಿತ್ ಕೂರಲೂ ಇಲ್ಲ, ಹೋಗಲೂ ಇಲ್ಲ. ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ.

ಆಗ ಹೋಬರ್ಟ್ ಎದ್ದ. ಕಾಗದದ ಕರವಸ್ತ್ರದಲ್ಲಿ ನಿಧಾನವಾಗಿ ಕೈ ಒರೆಸಿಕೊಂಡ.

"ಜೈಲಲ್ಲಿ ನಾನು ಕಾಯೋ ಬ್ಲಾಕಲ್ಲಿ ಒಬ್ಬ ಮುದುಕ ಇದಾನೆ" ಎಂದ. "ನಿಮಗೆಲ್ಲ ಗೊತ್ತು ಯಾರು ಅಂತ. ಕಾಲು ಸತ್ತುಹೋಗಿದೆ. ಸ್ನಾನಕ್ಕೆ ನಾನೇ ಎತ್ಕೊಂಡು ಹೋಗ್ಬೇಕು. ಅವನು ಓಡಿಹೋಗ್ದಂಗೆ ಕಾಯೋಕೆ ಸರ್ಕಾರ ನಂಗೆ ಸಂಬಳ ಕೊಡತ್ತೆ. ಡಾಕ್ಟ್ರಮ್ಮ ಹೇಳಿದ್ರಲ್ಲಿ ಸುಳ್ಳಿಲ್ಲ. ಆದ್ರೂ ನಾನು ಇವ್ರಿಗೆ ಮತ ಹಾಕಲ್ಲ. ನಂಗೆ ಸಂಸಾರ ಇದೆ."

ಕೆಲವರು ಚಪ್ಪಾಳೆ ತಟ್ಟಿದರು. ಹೋಬರ್ಟ್ ಕೈಯೆತ್ತಿ ಸುಮ್ಮನಾಗಿಸಿದ.

"ಇನ್ನೊಂದು ಮಾತಿದೆ. ಬೇಸಿಗೇಲಿ ನಮ್ಮಮ್ಮ ಜಾತ್ರೇಲಿ ಈ ಟಟಲ್‌ಗೆ ಸಹಿ ಹಾಕಿಕೊಟ್ಟಿದ್ಲು. ಯಾಕಮ್ಮ ಅಂದ್ರೆ, ಪಾಪ ಬಿಸಿಲಲ್ಲಿ ನಿಂತಿದ್ದ ಅಂದ್ಲು. ಆ ಪೆಲ್ ಅನ್ನೋ ವಕೀಲ, ಅಕ್ಷರ ಅಂಕುಡೊಂಕಾಗಿದೆ, ಈ ಸಹಿ ಆಯಮ್ಮಂದಲ್ಲ ಅಂತ ಹೊಡೆದುಹಾಕಿದಾನೆ. ನಮ್ಮಮ್ಮಂಗೆ ಕೈ ನಡುಗತ್ತೆ. ಎಂಬತ್ತೇಳು ವರ್ಷ. ಅವಳು ಅವಳಲ್ಲ ಅಂತ ಹೇಳೋಕೆ ಅವನ್ಯಾರು?"

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೋಬರ್ಟ್‌ನ ತಾಯಿಯನ್ನು ಆ ಊರಿನಲ್ಲಿ ಅರಿಯದವರಿಲ್ಲ. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನಕ್ಕೆ ಅವಳೇ ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿದವಳು.

"ನಾನು ಈ ಡಾಕ್ಟ್ರಮ್ಮಂಗೆ ಎದುರಾಗಿ ಮತ ಹಾಕ್ಬೇಕು" ಎಂದ ಹೋಬರ್ಟ್. "ಇವ್ರ ಹೆಸ್ರು ನೋಡಿ, ಬೇಡ ಅಂತ ಇನ್ನೊಂದು ಹೆಸ್ರಿಗೆ ಗುರುತು ಹಾಕ್ಬೇಕು. ಹೆಸ್ರೇ ಇಲ್ದಂಗೆ ಮಾಡಿದ್ರೆ ನಾನು ಬೇಡ ಅಂದಂಗೆ ಎಲ್ಲಾಯ್ತು? ನಮ್ಮ ಮುಖದ ಮುಂದೆ ನಿಂತು ನಿಮ್ಮ ಜೈಲು ಮುಚ್ತೀನಿ ಅಂದೋರು ಇವ್ರೊಬ್ರೇ. ಬೇರೆಯೋರು ಈ ಕಡೆ ತಲೆ ಹಾಕಿದ್ದೂ ಇಲ್ಲ. ಇವ್ರನ್ನ ಸೋಲ್ಸೋ ಕೆಲಸ ನಂದು, ಆ ವಕೀಲಂದಲ್ಲ. ಕೊಡಯ್ಯಾ ಟಟಲ್, ಪೆನ್ನು."

ಅವನು ಮೇಜಿನ ಮೇಲೆ ಹಲಗೆ ಇಟ್ಟುಕೊಂಡು, ಹೋಬರ್ಟ್ ಎಲಿಯಸ್ ಸ್ಟಿಡಮ್ ಎಂದು ಪೂರ್ತಿ ಹೆಸರು ಬಿಡಿಸಿ ಬಿಡಿಸಿ ಬರೆದ. ಆಮೇಲೆ ಅವನ ಹೆಂಡತಿ ಬಂದಳು. ಆಮೇಲೆ ಸಾಲು ಕಟ್ಟಿತು. ಪಕ್ಕದಲ್ಲಿ ನಿಂತು ಅವನೇ ಒಬ್ಬೊಬ್ಬರನ್ನೂ ತಿದ್ದುತ್ತಿದ್ದ: ಮನೆಯಲ್ಲಿ ಕರೆಯುವ ಹೆಸರು ಬೇಡ, ಪಟ್ಟಿಯಲ್ಲಿ ಹೇಗಿದೆಯೋ ಹಾಗೆ, ಹಳೆಯ ವಿಳಾಸ ಬೇಡ, ಈಗಿನದು. ಆರ್ಡಿತ್ ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಸಹಿ ಹಾಕಿ, ಮಾರ್ಲಿಸಳ ಮುಖ ನೋಡದೆ, ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ ಎಂದಳು. ಇರಲಿ ಎಂದಳು ಮಾರ್ಲಿಸ್.

ಮರುದಿನದಿಂದ ಹೋಬರ್ಟ್ ಪಾಳಿ ಮುಗಿಸಿ, ಸಮವಸ್ತ್ರ ಕಳಚಿಟ್ಟು, ನನ್ನ ಜೊತೆ ಬೀದಿ ಬೀದಿ ತಿರುಗಿದ. ಬಾಗಿಲು ತೆರೆದವರಿಗೆಲ್ಲ ಮೊದಲು, ನಾನು ಇವರಿಗೆ ಮತ ಹಾಕುವವನಲ್ಲ ಎಂದು ಹೇಳಿಯೇ ಸಹಿ ಕೇಳುತ್ತಿದ್ದ. ಹೀಗೆ ಸಹಿ ಕೇಳಿದವರನ್ನು ನನ್ನ ಇಷ್ಟು ವರ್ಷದ ರಾಜಕೀಯದಲ್ಲಿ ನಾನು ಕಂಡಿರಲಿಲ್ಲ. ಅವನ ತಾಯಿ ಮತ್ತೊಮ್ಮೆ ಸಹಿ ಹಾಕಿದಳು. ಈ ಸಲ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡು, ಅಕ್ಷರಕ್ಕೆ ಅಕ್ಷರ ಮುದ್ದಾಗಿ.

ಗಡುವಿಗೆ ಮೊದಲೇ ಒಪ್ಪಿಸಿದೆವು. ಪೆಲ್ ಮತ್ತೆ ಆಕ್ಷೇಪ ಎತ್ತಿದ. ಮಂಡಳಿಯ ಮುಂದೆ ಹೋಬರ್ಟ್ ತಾಯಿಯನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ. ಆಕೆಯ ಹೆಸರು ಬಂದಾಗ ಪೆಲ್ ಆ ಹಾಳೆಯನ್ನು ತಿರುವಿ ಮುಂದಕ್ಕೆ ಹೋದ. ಸಂಜೆಯೊಳಗೆ ತೀರ್ಪು ಬಂತು: ಮಾರ್ಲಿಸ್ ಹೊಕನ್‌ಸನ್ ಹೆಸರು ಅಚ್ಚಾಗಬೇಕು.

ಅದಾದ ಮೇಲೆ ಎಲ್ಲವೂ ಸಲೀಸಾಯಿತು ಎಂದೇನಲ್ಲ. ಜನಾಭಿಪ್ರಾಯದ ಸಮೀಕ್ಷೆಯಲ್ಲಿ ಸಾಕಷ್ಟು ಅಂಕವಿಲ್ಲವೆಂದು ಟಿವಿಯ ಚರ್ಚೆಗಳಿಗೆ ಅವಳನ್ನು ಸೇರಿಸಲಿಲ್ಲ. ಸಮೀಕ್ಷೆ ನಡೆಸುವವರಲ್ಲಿ ಅರ್ಧ ಜನ ಅವಳ ಹೆಸರನ್ನೇ ಕೇಳುತ್ತಿರಲಿಲ್ಲ. ಅವಳು ಹೋದ ಹೋದಲ್ಲಿ ಒಂದು ಮಾತು ಹೇಳುತ್ತಾ ಹೋದಳು: ದೊಡ್ಡ ಪಕ್ಷಗಳ ಇಬ್ಬರಲ್ಲಿ ಯಾರೇ ಆಗಲಿ ಮಾದಕ ವಸ್ತು ಕೇಸಿನ ಜನರನ್ನು ಬಿಡುತ್ತೇನೆಂದು ವೇದಿಕೆ ಮೇಲೆ ನಿಂತು ಹೇಳಿದರೆ ನಾನು ಕಣದಿಂದ ಹೋಗುತ್ತೇನೆ. ಪತ್ರಕರ್ತರು ಇಬ್ಬರನ್ನೂ ಕೇಳಿದರು. ಒಬ್ಬ ಪರಿಶೀಲಿಸುತ್ತೇನೆ ಎಂದ, ಇನ್ನೊಬ್ಬ ನಕ್ಕು ಮುಂದೆ ಹೋದ.

ಮತದಾನದ ದಿನ ಮಾರ್ಲಿಸ್ ತನ್ನ ಊರಿನ ಶಾಲೆಯಲ್ಲಿ ಮತ ಹಾಕಿ, ನೆರೆಯವನ ಹಸುಗಳ ಗಬ್ಬ ಪರೀಕ್ಷೆಗೆ ಹೋದಳು. ನಾನು ಮಧ್ಯಾಹ್ನ ಫೋನು ಮಾಡಿದಾಗ ಅವಳ ಒಂದು ಕೈ ಭುಜದವರೆಗೆ ಹಸುವಿನೊಳಗಿತ್ತು, ಫೋನನ್ನು ಇನ್ಯಾರೋ ಅವಳ ಕಿವಿಗೆ ಹಿಡಿದಿದ್ದರು. ಹೋಬರ್ಟ್ ಬೆಳಿಗ್ಗೆಯೇ ಅವಳಿಗೆ ಫೋನು ಮಾಡಿ, ನಿಮ್ಮ ಹೆಸರು ಅಚ್ಚುಕಟ್ಟಾಗಿ ಅಚ್ಚಾಗಿದೆ, ನೋಡಿ ಸಂತೋಷಪಟ್ಟು ಇನ್ನೊಬ್ಬರಿಗೆ ಗುರುತು ಹಾಕಿ ಬಂದೆ ಎಂದು ವರದಿ ಒಪ್ಪಿಸಿದನಂತೆ. ಅದನ್ನು ಹೇಳುತ್ತಾ ಅವಳು ನಕ್ಕ ನಗುವಿಗೆ ಹಸು ಬೆದರಿತು.

ಅವಳು ಸೋತಳು. ದೇಶದಲ್ಲಿ ನೂರಕ್ಕೆ ಮೂರು ಮತ ಬಂತು. ಪೆಲ್‌ನ ಯಜಮಾನ ನಮ್ಮ ರಾಜ್ಯವನ್ನು ಕೂದಲೆಳೆಯಲ್ಲಿ ಕಳೆದುಕೊಂಡ, ಆದರೂ ಬೇರೆ ಕಡೆ ಗೆದ್ದು ಶ್ವೇತಭವನ ಸೇರಿದ. ನಮ್ಮಿಂದ ಕೆಟ್ಟಿತು ಎಂದು ನನಗೆ ವಾರಗಟ್ಟಲೆ ಬೈಗುಳದ ಫೋನುಗಳು ಬಂದವು. ಗೆದ್ದವರ ಕಡೆಯವರೇ ಹೆಚ್ಚು ಬಯ್ದರು. ಹೊಸ ಅಧ್ಯಕ್ಷನ ಮೊದಲ ನೂರು ದಿನ ಕಳೆಯಿತು. ಒಂದು ವರ್ಷವೂ ಕಳೆಯಿತು. ಆ ಜೈಲುಗಳಿಂದ ಕ್ಷಮಾದಾನ ಪಡೆದು ಯಾರೂ ಹೊರಬರಲಿಲ್ಲ. ನಿಮ್ಮ ಮಾತೇ ನಿಜವಾಯಿತು ಎಂದು ಮಾರ್ಲಿಸಳಿಗೆ ಹೇಳಿದರೆ ಅವಳು ಸಂತೋಷಪಡಲಿಲ್ಲ. ಕೊರಿನ್‌ಳನ್ನು ನೋಡಿಕೊಂಡು ಬಂದೆ, ಒಳಗೇ ಪಶುವೈದ್ಯದ ಪುಸ್ತಕ ಓದುತ್ತಿದ್ದಾಳೆ, ಹೊರಗೆ ಬಂದ ದಿನವೇ ಕೆಲಸಕ್ಕೆ ಹಚ್ಚುತ್ತೇನೆ ಎಂದಳು. ಮುಂದಿನ ಚುನಾವಣೆಗೂ ನಿಲ್ಲುತ್ತೀರಾ ಎಂದು ಕೇಳಿದೆ. ಅವಳು ಆಗಲೇ ಅದಕ್ಕಾಗಿ ಆರು ರಾಜ್ಯಗಳಿಗೆ ಹೋಗಿ ಬಂದಿದ್ದಳು.

ನಮ್ಮ ರಾಜ್ಯದಲ್ಲಿ ಅವಳಿಗೆ ಬಂದ ಮತ ಒಂದು ಕೆಲಸ ಮಾಡಿತು. ಅಷ್ಟು ಮತ ಪಡೆದ ಪಕ್ಷದವರು ಮುಂದಿನ ಚುನಾವಣೆಗಳಲ್ಲಿ ಸಹಿಗಾಗಿ ಅಲೆಯಬೇಕಿಲ್ಲ, ಹೆಸರು ತಾನಾಗಿಯೇ ಅಚ್ಚಾಗುತ್ತದೆ. ಅದನ್ನು ನೋಡಿ ನಾನೂ ಧೈರ್ಯ ಮಾಡಿದೆ. ಈ ಶರತ್ಕಾಲದಲ್ಲಿ ಜಿಲ್ಲಾ ಮಂಡಳಿಗೆ ನಿಂತಿದ್ದೇನೆ. ನಿವೃತ್ತನಾದ ಹೋಬರ್ಟ್ ನನ್ನ ಎದುರು ದೊಡ್ಡ ಪಕ್ಷದಿಂದ ನಿಂತಿದ್ದಾನೆ. ಜೈಲು ಇನ್ನೂ ಗುಡ್ಡದ ಮೇಲೇ ಇದೆ. ಅದಲ್ಲದೆ ಈ ಊರಿಗೆ ಇನ್ನೇನು ದಾರಿ ಎಂಬುದರ ಮೇಲೆ ನಾವಿಬ್ಬರೂ ಪ್ರತಿ ಶುಕ್ರವಾರ ಮೀನೂಟದಲ್ಲಿ ಜಗಳ ಆಡುತ್ತೇವೆ. ಆರ್ಡಿತ್ ಇಬ್ಬರಿಗೂ ಪ್ರಶ್ನೆ ಕೇಳಿ ಬೆವರಿಳಿಸುತ್ತಾಳೆ. ಹೋದ ವಾರ ಅವಳು ನನ್ನ ಉತ್ತರಕ್ಕೆ ಅರೆಮನಸ್ಸಿನಿಂದ ತಲೆದೂಗಿದಳು. ವರ್ನಾ ಲೆಕ್ಕ ಹಾಕಿ, ಈ ಸಲ ನೀನು ಗೆದ್ದರೂ ಗೆಲ್ಲಬಹುದು, ಒಂದು ಒಳ್ಳೆಯ ಕೋಟು ಹೊಲಿಸಿಕೋ ಎಂದಿದ್ದಾಳೆ. ನಾಳೆ ದರ್ಜಿಯ ಹತ್ತಿರ ಹೋಗುತ್ತಿದ್ದೇನೆ.